ಮೊಯ್ನಾಳ ನೀಲಿ ಕವರು

ಬಾಣೆಕೊಪ್ಪ
18 ಜನವರಿ 2026

ಮಗಳೇ ಕುಸುಮಾ,

ನಾವೆಲ್ಲ ಕ್ಷೇಮ ಅಂತ ಮೊದಲ ಸಾಲಿನಲ್ಲಿ ಬರೆಯಬೇಕಂತೆ. ಬರೆದಿದ್ದೇನೆ ಅಂದುಕೊಂಡು ಮುಂದೆ ಓದು. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ. ಜೋರಾಗಿ ಇಟ್ಟರೆ ನಿಮ್ಮಪ್ಪ ಜವರಪ್ಪ ಪಕ್ಕದಲ್ಲಿ ಕೂತು ನನಗಿಂತ ಮೊದಲು ಉತ್ತರ ಕೊಡುತ್ತಾನೆ. ನಿನ್ನ ಫೋನನ್ನೋ, ಡ್ಯೂಟಿ ಹೊತ್ತಿನಲ್ಲಿ ಗೇಟಿನಲ್ಲೇ ಇಟ್ಟುಕೊಳ್ಳುತ್ತಾರಂತೆ. ನಾಲ್ಕನೇ ಕ್ಲಾಸಿನವರೆಗೆ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಈ ಕಾಗದ.

ಶುಕ್ರವಾರ, ಸಂಕ್ರಾಂತಿಯ ಮಾರನೇ ದಿನ, ಪೊಲೀಸ್ ಜೀಪು ಬಂದು ಮೊಯ್ನಾಳನ್ನು ಹತ್ತಿಸಿಕೊಂಡು ಹೋಯಿತು. ಮೊಯ್ನಾ ಯಾರು ಅಂತ ಕೇಳಬೇಡ. ಡಿಸೆಂಬರಿನಲ್ಲಿ ನೀನು ರಜೆಗೆ ಬಂದಾಗ ಆಳುಗಳ ಲೈನ್ ಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ನಿನ್ನ ತಲೆಗೆ ಎಣ್ಣೆ ತಟ್ಟಿದಳಲ್ಲ, ಆ ಅಸ್ಸಾಮಿನ ಹೆಂಗಸು. ಗಂಡ ಸತ್ತವಳು, ಮೂವತ್ತೂ ದಾಟಿಲ್ಲ. ಹಿನ್ನೀರಿನಲ್ಲಿ ಬೆರಳುದ್ದದ ಮೀನು ಹಿಡಿದು ಸುಟ್ಟುಕೊಳ್ಳುತ್ತಿದ್ದಳು. ಆ ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದು ಬೈದರೆ, "ನಾಳೆ ಸೊಪ್ಪು ತಿಂತೀನಿ ಅಮ್ಮಾ" ಅಂತ ದಿನಾ ಒಂದೇ ಸುಳ್ಳು ಹೇಳುತ್ತಿದ್ದಳು.

ಜೀಪು ಬಂದಾಗ ಅವಳು ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದಳು. ಕಾರ್ಡು ತೋರಿಸು ಅಂದರು. ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ, ಕೇಳಿಸಲಿಲ್ಲ. ಇನ್ಸ್‌ಪೆಕ್ಟರು ಹತ್ತಿರ ಬಂದು ಕೂಗಿದ.

"ಅಜ್ಜೀ, ಇವಳ ದಾಖಲೆ ಏನಾದ್ರೂ ನಿಮ್ಹತ್ರ ಇದ್ಯಾ?"

"ನಿಮ್ ಫಾರಂ ತುಂಬಿ ಕೊಟ್ಟಿದೀವಲ್ಲಪ್ಪ. ಅದ್ರಲ್ಲಿ ಇರೋದೇ ನಂಗೂ ಗೊತ್ತಿರೋದು."

"ಅದ್ರಲ್ಲಿ ಯಾವ್ದೂ ಇಲ್ಲ ಅಂತ ಬರ್ದಿದೆ."

"ಹಂಗಾರೆ ಇಲ್ಲ."

ಹೊರಗಿನಿಂದ ಬಂದ ಆಳುಗಳ ವಿವರ ಕೊಡಿ ಅಂತ ಠಾಣೆಯವರು ತೋಟದವರಿಗೆಲ್ಲ ಹಂಚಿದ ಆ ಫಾರಂ ತುಂಬಿದವಳು ನೀನೇ. ರುಜು ನನ್ನದು. ಈಗ ಅವಳನ್ನು ಬಾಂಗ್ಲಾದವಳು ಅಂತ ಗಡಿ ದಾಟಿಸುತ್ತಾರಂತೆ. ಅವಳಣ್ಣ ಜಾಹಿರುಲ್ ಪಾಲಿಬೆಟ್ಟದ ಎಸ್ಟೇಟಿನಲ್ಲಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ಜೊತೆಯವರ ಗುಂಪು ಕಟ್ಟಿಕೊಂಡು ಅಸ್ಸಾಮಿನ ಊರಿಗೆ ಓಡಿದ.

ನಮ್ಮದು ಇನ್ನೂ ಎರಡು ಎಕರೆ ರೋಬಸ್ಟಾ ಕಾಫಿ ಗಿಡದಲ್ಲೇ ಇದೆ. ನಿಮ್ಮಪ್ಪ ಹಿಡಿದು ತಂದ ಇಬ್ಬರು ಹಣ್ಣು ಕೊಯ್ಯುತ್ತಾರೋ ಗಿಡದ ರೆಂಬೆ ಮುರಿಯುತ್ತಾರೋ ನೋಡಲಾಗುವುದಿಲ್ಲ. ಮೊಯ್ನಾಳ ಎರಡು ಕೈಗೆ ಇವರ ನಾಲ್ಕು ಕೈ ಸಮ ಇಲ್ಲ. ಹೀಗೆ ಹಿಡಿದ ಹೆಂಗಸರನ್ನು ನೀನು ಕಾವಲು ಕಾಯುವ ಜಾಗಕ್ಕೇ ತರುತ್ತಾರೆ ಅಂತ ನಿಮ್ಮಪ್ಪ ಅಂದ. ಹುಡುಕು. ನಮ್ಮ ಮನೆಯ ಆಳು ಅಂತ ಹೇಳಿ ಬಸ್ಸು ಹತ್ತಿಸು. ನಿನ್ನನ್ನು ಪೊಲೀಸಿಗೆ ಸೇರಿಸಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ.

ನಿನ್ನ ಅಜ್ಜಿ
ಲಿಂಗಮ್ಮ


ಬೆಂಗಳೂರು
25 ಜನವರಿ 2026

ಅಜ್ಜಿಗೆ ಕುಸುಮಾಳ ನಮಸ್ಕಾರ.

ನಿನ್ನ ಇನ್‌ಲ್ಯಾಂಡ್ ಲೆಟರ್ ನೋಡಿ ಗೇಟಿನವರು ಒಬ್ಬರಿಗೊಬ್ಬರು ತೋರಿಸಿ ನಕ್ಕರು. ಮೊಯ್ನಾ ಇಲ್ಲಿಗೇ ಬಂದಿದ್ದಾಳೆ. ಹತ್ತೊಂಬತ್ತು ಹೆಂಗಸರಿರುವ ಕೋಣೆ, ಅವಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿದೆ. ಅನ್ನ ತಿನ್ನುತ್ತಾಳೆ, ಸಾರು ಮುಟ್ಟುವುದಿಲ್ಲ. ನಾನು ಮೊದಲ ದಿನ ಒಳಗೆ ಹೋದಾಗ ನನ್ನನ್ನು ನೋಡಿ ಎದ್ದು ನಿಂತಳು. ನಾನು ಗುರುತಿಲ್ಲದವಳ ಹಾಗೆ ಹಾಜರಿ ಕೂಗಿದೆ. ಬೇರೆ ದಾರಿ ಇರಲಿಲ್ಲ.

ನಮ್ಮ ಮನೆಯ ಆಳು, ಕಳಿಸಿಕೊಡಿ ಅನ್ನುವುದಕ್ಕೆ ಇದು ದೊಡ್ಡಿಗೆ ಹಾಕಿದ ಹಸುವಿನ ವಿಷಯ ಅಲ್ಲ. ಇಲ್ಲಿರುವವರು ಭಾರತದವರು ಅಂತ ಕಾಗದ ತೋರಿಸಬೇಕು. ಬರೀ ಆಧಾರ್ ಆದರೆ ಅದೂ ಸಾಲದು. ಇಲ್ಲದಿದ್ದರೆ ಗಡಿ ದಾಟಿಸುವವರ ಪಟ್ಟಿಗೆ ಹೆಸರು ಹೋಗುತ್ತದೆ. ಪಟ್ಟಿಗೆ ಹೋದ ಮೇಲೆ ನನ್ನಂಥ ಕಾನ್‌ಸ್ಟೇಬಲ್‌ಗಳ ಮಾತು ಯಾರಿಗೂ ಕೇಳುವುದಿಲ್ಲ.

ಅವಳು ಒಂದೇ ಮಾತು ಹೇಳುತ್ತಿದ್ದಾಳೆ, ಕಾಗದಗಳೆಲ್ಲ ತೋಟದ ಅಮ್ಮನ ಟ್ರಂಕಿನಲ್ಲಿವೆ ಅಂತ. ಇಲ್ಲಿ ಎಲ್ಲರೂ ಹೀಗೇ. ಒಬ್ಬಳದು ಮಾವನ ಹತ್ತಿರ, ಒಬ್ಬಳದು ಪ್ರವಾಹದಲ್ಲಿ ಹೋಯಿತು. ಆದರೂ ನಮ್ಮ ಮೇಡಂ ನನ್ನನ್ನು ಕರೆದು ಕೇಳಿದರು.

"ಆ ತೋಟ ನಿಮ್ಮನೇದೇ ಅಂತೆ, ಹೌದೇನ್ರೀ?"

"ಹೌದು ಮೇಡಂ. ಫಾರಂ ತುಂಬಿದ್ದೂ ನಾನೇ. ಅವಳದು ಏನಾದ್ರೂ ಇದ್ಯಾ ಅಂತ ನಮ್ಮಜ್ಜೀನ ಕೇಳೇ ಬರೆದೆ."

"ಅಜ್ಜಿ ಸುಳ್ಳು ಹೇಳಿರಬಹುದಲ್ಲ?"

"ನಮ್ಮಜ್ಜಿ ಬಾಯಿ ಜೋರು ಮೇಡಂ. ಸುಳ್ಳು ಹೇಳೋರಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು. ನೀನು ಎರಡು ಎಕರೆ ಹಣ್ಣಿನ ಚಿಂತೆ ಬಿಡು. ಅಪ್ಪನಿಗೆ ಬೇರೆ ಆಳು ನೋಡಲು ಹೇಳು. ಅವಳ ಬಗ್ಗೆ ನನಗೆ ಬರೆದರೆ ನನಗೆ ತೊಂದರೆ.

ಕುಸುಮಾ


ಬಾಣೆಕೊಪ್ಪ
29 ಜನವರಿ 2026

ಕುಸುಮಾ,

ಬರೆಯಬೇಡ ಅಂದೆಯಲ್ಲ, ಅದಕ್ಕೇ ಮೊಯ್ನಾಳ ಬಗ್ಗೆ ಬರೆಯುತ್ತಿಲ್ಲ. ಸಾರು ಮುಟ್ಟುವುದಿಲ್ಲ ಅಂದೆ. ಅವಳಿಗೆ ಬೇಳೆ ಸಾರಿನಲ್ಲಿ ಹುಳಿ ಹೆಚ್ಚಾದರೆ ಆಗುವುದಿಲ್ಲ, ಇಷ್ಟೇ.

ಇಲ್ಲಿ ಮನೆಯಲ್ಲಿ ಯಾವುದೂ ನೆಟ್ಟಗಿಲ್ಲ. ಕಣದಲ್ಲಿ ಹಣ್ಣು ಮಗುಚುವವರಿಲ್ಲದೆ ಒಂದು ಮೂಲೆ ಬೂಸಲು ಹಿಡಿದಿದೆ. ನಾನು ಹಾರೆಕೋಲಿನಂಥ ಸೊಂಟ ಇಟ್ಟುಕೊಂಡು ಮಗುಚಲು ಹೋದೆ. ನಿಮ್ಮಪ್ಪ, "ಬಿದ್ಗಿದ್ದೀಯ ಅವ್ವ, ಒಳಗ್ ಹೋಗು" ಅಂದ. ಒಳಗೆ ಬಂದರೆ ಹೊರಗೆ ಹೋಗಬೇಕು ಅನ್ನಿಸುತ್ತದೆ. ಹೊರಗೆ ಹೋದರೆ ಲೈನ್ ಮನೆ ಕಣ್ಣಿಗೆ ಬೀಳುತ್ತದೆ. ಅವಳ ಕೆಂಪು ಸ್ವೆಟರು ಹಗ್ಗದ ಮೇಲೆ ಹಾಗೇ ಇತ್ತು. ತೆಗೆದು ಒಳಗಿಟ್ಟೆ. ಮತ್ತೆ ತೆಗೆದು ಹೊರಗೆ ಹಾಕಿದೆ. ಅಲ್ಲಿ ಚಳಿ ಇದೆಯಾ?

ಪಕ್ಕದ ರಂಗಮ್ಮ ಒಂದು ವಿಷಯ ಕೇಳುತ್ತಿದ್ದಾಳೆ. ಕೊಯ್ಲು ಮುಗಿಯುವ ತನಕ ಆಳುಗಳು ಓಡಿಹೋಗದ ಹಾಗೆ ಅವರ ಕಾರ್ಡನ್ನು ತೋಟದವರು ಇಟ್ಟುಕೊಳ್ಳುವುದು ನಮ್ಮ ಕಡೆ ಮೊದಲಿನಿಂದ ನಡೆದು ಬಂದಿದೆಯಲ್ಲ, ಹಾಗೆ ಇಟ್ಟುಕೊಂಡವರಿಗೆ ಈಗ ಏನು ಮಾಡುತ್ತಾರೆ? ಠಾಣೆಗೆ ಕರೆಯುತ್ತಾರೋ, ಬೈದು ಬಿಡುತ್ತಾರೋ? ರಂಗಮ್ಮನಿಗೆ ಬಿಪಿ ಇದೆ, ಅದಕ್ಕೆ ಕೇಳಿದೆ. ಇನ್ನೊಂದು, ಪಟ್ಟಿಗೆ ಹೋದ ಮೇಲೆ ಕಾಗದ ಸಿಕ್ಕಿತು ಅಂತಿಟ್ಟುಕೋ. ಆಗ ಬಿಡುತ್ತಾರಾ? ಇದೂ ರಂಗಮ್ಮನೇ ಕೇಳಿದ್ದು.

ಲಿಂಗಮ್ಮ


ಬೆಂಗಳೂರು
4 ಫೆಬ್ರವರಿ 2026

ಅಜ್ಜಿಗೆ ನಮಸ್ಕಾರ.

ರಂಗಮ್ಮಜ್ಜಿಗೆ ಹೇಳು, ಇನ್ನೊಬ್ಬರ ಕಾರ್ಡು ಇಟ್ಟುಕೊಳ್ಳುವುದು ಅಪರಾಧ. ಕೇಸು ಹಾಕಬಹುದು. ಅವರ ಹತ್ತಿರ ಯಾರದಾದರೂ ಇದ್ದರೆ ಇವತ್ತೇ ವಾಪಸ್ಸು ಕೊಡಲಿ. ಕಾಗದ ಸಿಕ್ಕಿದರೆ, ಕಳಿಸುವ ಮೊದಲು ಸಿಕ್ಕಿದರೆ, ತಡೆದು ವಿಚಾರಣೆ ಮಾಡುತ್ತಾರೆ. ಆಮೇಲೆ ಸಿಕ್ಕಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ.

ಇಲ್ಲಿ ಚಳಿ ಇಲ್ಲ. ಮೊಯ್ನಾ ಈಗ ಕಾಗದದ ಮಾತು ಎತ್ತುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಹತ್ತನೇ ತಾರೀಕಿನ ಮೇಲೆ ಹತ್ತು ದಿನ ನಾನು ಬೇರೆ ಡ್ಯೂಟಿಗೆ ಹೋಗುತ್ತೇನೆ. ಆಗ ಬರೆಯಬೇಡ. ಎಲ್ಲಿಗೆ ಅಂತ ಅಪ್ಪನಿಗೂ ಹೇಳಿಲ್ಲ.

ಕುಸುಮಾ


ಬಾಣೆಕೊಪ್ಪ
8 ಫೆಬ್ರವರಿ 2026

ಮಗಳೇ,

ಈ ಕಾಗದದ ಜೊತೆ ಒಂದು ನೀಲಿ ಪ್ಲಾಸ್ಟಿಕ್ ಕವರಿದೆ. ಮೊದಲು ಅದನ್ನು ತೆಗೆದು ನಿಮ್ಮ ಮೇಡಂ ಕೈಗೆ ಕೊಟ್ಟು ಬಾ. ಆಮೇಲೆ ಉಳಿದದ್ದನ್ನು ಓದು.

ರಂಗಮ್ಮನಿಗೆ ಬಿಪಿಯೂ ಇಲ್ಲ, ಅವಳು ಏನೂ ಕೇಳಿಯೂ ಇಲ್ಲ.

ಹೋದ ವರ್ಷ ಜಾರ್ಖಂಡಿನ ಆರು ಜನ ಬಂದಿದ್ದರಲ್ಲ. ಅವರ ಆಧಾರ್ ಕಾರ್ಡು ಇಸಿದುಕೊಂಡು ನಾನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಕೊಯ್ಲು ಅರ್ಧಕ್ಕೆ ಬಂದಾಗ ಒಂದು ಬೆಳಿಗ್ಗೆ ಲೈನ್ ಖಾಲಿ. ನಾಪೋಕ್ಲು ಕಡೆ ಕಿಲೋ ಹಣ್ಣಿಗೆ ಎರಡು ರೂಪಾಯಿ ಹೆಚ್ಚಿಗೆ ಸಿಕ್ಕಿತಂತೆ. ಕಾರ್ಡು ಬಿಟ್ಟು ಹೇಗೆ ಹೋದರು ಅಂದರೆ, ಕಂಪ್ಯೂಟರ್ ಅಂಗಡಿಯಲ್ಲಿ ಅದರದೇ ಇನ್ನೊಂದು ತೆಗೆಸಿಕೊಂಡಿದ್ದಾರೆ. ನಿಮ್ಮಪ್ಪ ನನ್ನನ್ನು ನೋಡಿ ನಕ್ಕ. ಆ ನಗು ನನ್ನ ಹೊಟ್ಟೆಯಲ್ಲೇ ಕೂತಿತ್ತು.

ಈ ಸಲ ನಾನು ಬುದ್ಧಿವಂತೆ ಆದೆ. ಮೊಯ್ನಾ ಕಾರ್ಡು ಕೊಡಲು ಬಂದಳು. "ಇದ್ ಬ್ಯಾಡ, ಇನ್ನೊಂದ್ ಸಿಗ್ತದೆ. ಮತ್ತೆ ಸಿಗದೇ ಇರೋದು ಯಾವ್ದಿದೆ, ಅದ್ ಕೊಡು" ಅಂದೆ. ಅವಳು ಹಾಸಿಗೆಯ ಅಡಿಯಿಂದ ಈ ಕವರು ತೆಗೆದಳು. ಅವಳ ತಾತನ ಹೆಸರಿರುವ ಹಳೇ ಓಟರ್ ಪಟ್ಟಿಯ ನಕಲು, ಸೀಲು ಹಾಕಿದ್ದು. ಅವಳ ಸ್ಕೂಲಿನ ಚೀಟಿ. ಊರಿನವರು ಕೊಟ್ಟ ಮದುವೆಯ ಕಾಗದ. ಅವಳ ಅಪ್ಪ ಎಷ್ಟು ವರ್ಷ ಆಫೀಸು ಸುತ್ತಿ ಮಾಡಿಸಿದ್ದು ಅಂತ ಬೆರಳು ಎಣಿಸಿ ತೋರಿಸಿದಳು. "ಇದ್ ಮಾತ್ರ ಬೇಡ ಅಮ್ಮಾ" ಅಂದಳು. ಹಾಗಾದರೆ ಇದೇ ಸರಿ ಅಂತ ಕಾರ್ಡನ್ನೂ ಅದರೊಳಗೇ ಹಾಕಿಸಿ ಇಸಿದುಕೊಂಡೆ.

ಡಿಸೆಂಬರಿನಲ್ಲಿ ಆ ಫಾರಂ ತುಂಬುವಾಗ ನೀನು ಜಗಲಿಯಲ್ಲಿ ಕೂತು, "ಅಜ್ಜಿ, ಮೊಯ್ನಾದು ಏನಾದ್ರೂ ಕಾಗದ ಇದ್ಯಾ?" ಅಂದೆ. ಟ್ರಂಕು ನಿನ್ನ ಬೆನ್ನ ಹಿಂದೆ ಗೋಡೆಯ ಆ ಕಡೆ ಇತ್ತು. ಇದೆ ಅಂದರೆ, ಪೊಲೀಸು ಆದವಳು, ಈಗಲೇ ವಾಪಸ್ಸು ಕೊಡು ಅಂತ ಕೂರುತ್ತೀಯೆ. ಫಾರಂ ಯಾರು ಓದುತ್ತಾರೆ, ಯಾವುದೋ ಅಲಮೇರಾಕ್ಕೆ ಹೋಗುತ್ತದೆ ಅಂದುಕೊಂಡೆ. "ಏನೂ ಇಲ್ಲ ಕಣೆ, ಬರ್ಕೊ" ಅಂದೆ. ಹತ್ತು ಹೆಜ್ಜೆ ದೂರದಲ್ಲಿ ಅವಳು ಪಾತ್ರೆ ಬೆಳಗುತ್ತಿದ್ದಳು. ನೀನಾದರೂ ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅದು ನಿನಗೆ ಬಿಟ್ಟದ್ದು.

ಜೀಪು ಬಂದ ದಿನ ಅವಳು ಹೇಳಿದ್ದು ನನಗೆ ಕೇಳಿಸಿತು. "ಅಮ್ಮಾ, ನೀಲಿ ಕವರ್" ಅಂದಳು. ಎರಡು ಸಲ ಅಂದಳು. ಇಲ್ಲ ಅಂತ ರುಜು ಹಾಕಿ ಕೊಟ್ಟಾಗಿದೆ, ಈಗ ತೆಗೆದರೆ ನನ್ನನ್ನೂ ಅದೇ ಜೀಪಿಗೆ ಹತ್ತಿಸುತ್ತಾರೆ, ಊರೆಲ್ಲ ನೋಡುತ್ತದೆ. ಕಿವಿಗೆ ಕೈ ಇಟ್ಟುಕೊಂಡೆ. ಎರಡು ದಿನ ಇಟ್ಟುಕೊಂಡು ಬಿಡುತ್ತಾರೆ ಅಂತ ಅಂದಾಜು ಮಾಡಿದೆ.

ನಮ್ಮಜ್ಜಿ ಸುಳ್ಳು ಹೇಳೋರಲ್ಲ ಅಂದೆಯಲ್ಲ, ಆ ಕಾಗದ ಬಂದ ಮೇಲೆ ನಾನು ನೆಟ್ಟಗೆ ಊಟ ಮಾಡಿಲ್ಲ.

ನಿಮ್ಮಪ್ಪನಿಗೆ ತಿಳಿದರೆ ಕವರನ್ನು ಒಲೆಗೆ ಹಾಕುತ್ತಾನೆ. ಅದಕ್ಕೇ ಯಾರಿಗೂ ಹೇಳದೆ ನಾಳೆ ಪೋಸ್ಟಾಫೀಸಿಗೆ ನಾನೇ ನಡೆದು ಹೋಗಿ ರಿಜಿಸ್ಟರ್ ಮಾಡುತ್ತೇನೆ. ನಿನ್ನ ಬೇರೆ ಡ್ಯೂಟಿ ಯಾವುದೋ ಮಂತ್ರಿಯ ಬಂದೋಬಸ್ತು ಇರಬೇಕು. ಅದಕ್ಕೆ ಹೋಗುವ ಮೊದಲು ಇದು ನಿನ್ನ ಕೈ ಸೇರುತ್ತದೆ. ಮೊಯ್ನಾಳಿಗೆ ಸ್ವೆಟರು ಕವರಿನೊಳಗೆ ಹಿಡಿಯಲಿಲ್ಲ ಅಂತ ಹೇಳು.

ಅಜ್ಜಿ


ಬೆಂಗಳೂರು
23 ಫೆಬ್ರವರಿ 2026

ಅಜ್ಜಿಯವರಿಗೆ,

ನಿಮ್ಮ ರಿಜಿಸ್ಟರ್ ಪೋಸ್ಟು ಹನ್ನೆರಡಕ್ಕೆ ಗೇಟಿಗೆ ಬಂದಿದೆ. ಹನ್ನೊಂದರ ಬೆಳಿಗ್ಗೆ ನಾವು ರೈಲು ಹತ್ತಿದ್ದೆವು. ಮಂತ್ರಿಯ ಬಂದೋಬಸ್ತು ಅಲ್ಲ. ಪಟ್ಟಿಯಲ್ಲಿದ್ದ ಇಪ್ಪತ್ತಾರು ಜನರನ್ನು ಗಡಿಗೆ ಒಪ್ಪಿಸುವ ತಂಡದಲ್ಲಿ ನಾನೂ ಇದ್ದೆ. ತಾರೀಕು ನನಗೆ ಮೊದಲೇ ಗೊತ್ತಿತ್ತು. ನಿಮಗೆ ಬರೆಯಲಿಲ್ಲ. ಯಾರ ಕೈಯಲ್ಲಾದರೂ ಒಂದು ಫೋನು ಮಾಡಿಸಿದ್ದರೆ ಸಾಕಿತ್ತು ಅಂತ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೆ. ಆಮೇಲೆ ನಾನೂ ಒಂದು ಸಾಲು ಬರೆದಿದ್ದರೆ ಸಾಕಿತ್ತು ಅನ್ನಿಸಿತು.

ಮೊಯ್ನಾ ನನ್ನ ಎದುರಿನ ಸೀಟಿನಲ್ಲಿ ಕೂತಿದ್ದಳು. ಎದ್ದು ಬಚ್ಚಲಿಗೆ ಹೊರಟರೆ ಜೊತೆಗೆ ನಾನು ಹೋಗಬೇಕು, ಬಾಗಿಲ ಹೊರಗೆ ನಿಲ್ಲಬೇಕು. ಮೂರನೇ ದಿನ ಮಧ್ಯಾಹ್ನ ವಾಪಸ್ಸು ಬರುವಾಗ ಮೆಲ್ಲಗೆ ಕೇಳಿದಳು.

"ಕಾಫಿ ಪಿಕಿಂಗ್ ಮುಗೀತಾ ಮೇಡಂ?"

"ಇನ್ನೂ ಇಲ್ಲ."

"ಮುಗಿದ್ರೆ ಅಮ್ಮ ಕವರ್ ಕೊಡ್ತಾರೆ. ಮಾತು ಕೊಟ್ಟಿದಾರೆ."

ಆಗಲೂ ನಾನು ಅವಳನ್ನು ನಂಬಲಿಲ್ಲ. ಗಡಿಯ ಪಡೆಯವರಿಗೆ ಒಪ್ಪಿಸಿ, ಸಹಿ ಹಾಕಿ ಬಂದೆವು. ಮುಂದಿನದು ನಾವು ನೋಡುವ ಹಾಗಿಲ್ಲ. ಇಲ್ಲಿಗೆ ಬಂದು ಗೇಟಿನಲ್ಲಿ ಕವರು ಒಡೆದೆ.

ಮದುವೆಯ ಕಾಗದದ ಹಿಂದೆ ಅವಳಣ್ಣನ ನಂಬರಿತ್ತು. ಹಾಸ್ಟೆಲಿನ ಒಬ್ಬಳ ಫೋನಿನಿಂದ ಮಾಡಿದೆ, ನನ್ನ ಹೆಸರು ಹೇಳಲಿಲ್ಲ. ಮೊಯ್ನಾ ಜೀವಂತ ಇದ್ದಾಳೆ. ಗಡಿಯ ಆ ಕಡೆಯ ಹಳ್ಳಿಯಲ್ಲಿ ಒಬ್ಬ ಮೇಷ್ಟ್ರ ಮನೆಯ ಹಿತ್ತಲಿನಲ್ಲಿದ್ದಾಳೆ. ಯಾವಾಗ ಅಲ್ಲಿಂದಲೂ ಅಟ್ಟುತ್ತಾರೋ ತಿಳಿಯದು. ಅವಳಣ್ಣ ಊರಿನಲ್ಲಿ ವಕೀಲರನ್ನು ಹಿಡಿದು ಕೋರ್ಟಿಗೆ ಹಾಕಿಸಿದ್ದಾನೆ. ಕವರು ಅವನಿಗೆ ಕಳಿಸಿದ್ದೇನೆ. ಅದು ಸಾಲದಂತೆ. ಇಷ್ಟು ಒಳ್ಳೆಯ ಕಾಗದ ಇದ್ದರೆ ಹಿಡಿದಾಗಲೇ ಯಾಕೆ ತೋರಿಸಲಿಲ್ಲ ಅಂತ ಕೇಳುತ್ತಾರೆ. ಆದ್ದರಿಂದ ತೋಟದವರು ನೋಟರಿ ಮುಂದೆ ಹೇಳಿಕೆ ಬರೆದುಕೊಡಬೇಕು. ಮಾರ್ಚ್ ಹನ್ನೊಂದಕ್ಕೆ ವಿಚಾರಣೆ. ವಕೀಲರ ಫೋನ್ ನಂಬರು, ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಹೇಳಿಕೆ ಕೊಡಿ. ಆದರೆ ಒಂದು ಕೇಳಿಕೊಳ್ಳುತ್ತೇನೆ. ನಾನು ಫಾರಂ ತುಂಬಿದ ಮೇಲೆ, ಜನವರಿಯಲ್ಲಿ ಅವಳು ಕವರು ಕೊಟ್ಟಳು ಅಂತ ಬರೆಸಿ. ಇಲ್ಲದಿದ್ದರೆ ನಾನು ಸುಳ್ಳು ಫಾರಂ ತುಂಬಿ, ಮೇಡಂ ಮುಂದೆ ಸುಳ್ಳು ಹೇಳಿದವಳಾಗುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿಲ್ಲ, ತೆಗೆಯಲು ಅವರಿಗೆ ಒಂದು ಹಾಳೆ ಸಾಕು. ನಿಮ್ಮ ಮಾತು ನಂಬಿದ್ದಕ್ಕೆ ಇಷ್ಟಾದರೂ ಮಾಡಿ.

ಕುಸುಮಾ


ಬಾಣೆಕೊಪ್ಪ
3 ಮಾರ್ಚ್ 2026

ಕುಸುಮಾ,

ಹುಟ್ಟಿದ ಮೇಲೆ ಮೊದಲ ಸಲ ನನ್ನನ್ನು ನೀವು ಅಂದಿದ್ದೀಯೆ. ಅಂದುಕೋ, ನನಗೆ ತಕ್ಕದ್ದೇ.

ನಿನ್ನ ಕಾಗದ ಓದಿ ಮೂರು ದಿನ ಮನೆಯೊಳಗೇ ಸುತ್ತಿದೆ. ಪಿಕಿಂಗ್ ಮುಗೀತಾ ಅಂತ ಕೇಳಿದಳಲ್ಲ, ಆ ಮಾತು ಹಿಡಿದುಕೊಂಡು ನಿಮ್ಮಪ್ಪನ ಮುಂದೆ ಎಲ್ಲ ಹೇಳಿದೆ. ಕೂಗಾಡಿದ. "ಯಾರೋ ಹೆಂಗಸಿಗೋಸ್ಕರ ಮೊಮ್ಮಗಳ ಅನ್ನ ಕಿತ್ಕೊಳ್ತೀಯಾ ಅವ್ವ?" ಅಂದ. ಆಮೇಲೆ ಕಣದ ಕಡೆ ಹೋಗಿ ನಿಂತ. ನಾನು ನೀನು ಹೇಳಿಕೊಟ್ಟ ಹಾಗೇ ಬರೆಸುವುದು ಅಂತ ತೀರ್ಮಾನ ಮಾಡಿಕೊಂಡು, ನಿನ್ನೆ ಒಬ್ಬಳೇ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ. ಸುಳ್ಳು ಒಂದು ಹೇಳಿದವಳಿಗೆ ಇನ್ನೊಂದು ಭಾರವೇ.

ನೋಟರಿ ಪೊನ್ನಪ್ಪ ಕನ್ನಡಕ ಹಾಕಿಕೊಂಡು ಕೂತರು. ಟೈಪು ಮಾಡುವ ಹುಡುಗಿ ಸುಮಿತಾ ನನ್ನ ಕಿವಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ಫಾರಂ ಕೊಟ್ಟದ್ದು ಡಿಸೆಂಬರು, ಅವಳು ಕವರು ಕೊಟ್ಟದ್ದು ಜನವರಿ ಅಂತ ಹೇಳಿದೆ. ಅವಳು ಟೈಪು ಮಾಡಿದಳು. ಪೊನ್ನಪ್ಪನವರು ಓದಿ ಹಾಳೆ ಕೆಳಗಿಟ್ಟರು.

"ಅಜ್ಜಿ, ಇದ್ರಿಂದ ಆ ಹೆಂಗಸಿಗೆ ಉಪಯೋಗ ಇಲ್ಲ. ಕೆಡಕೇ."

"ಅದ್ಯಾಕ್ರೀ?"

"ಡಿಸೆಂಬರಲ್ಲಿ ಏನೂ ಇಲ್ಲ ಅಂತ ಫಾರಂ ಇದೆ. ಜನವರೀಲಿ ಕಾಗದ ಬಂತು ಅಂತೀರಿ. ಮಧ್ಯದಲ್ಲಿ ಎಲ್ಲೋ ಸುಳ್ಳು ಕಾಗದ ಮಾಡಿಸ್ಕೊಂಡ್ಲು ಅಂತಾರೆ. ನೀವು ಹೇಳೋದು ನಿಜ ಆದ್ರೆ ಹಂಗೇ ಇರ್ಲಿ. ನಿಜ ತಾನೆ?"

ಅವರು ಜೋರಾಗಿ ಕೇಳಲಿಲ್ಲ. ಮೆಲ್ಲಗೇ ಕೇಳಿದರು. ನನಗೆ ಪೂರ್ತಿ ಕೇಳಿಸಿತು.

ನೀರು ಕೇಳಿದೆ. ಸುಮಿತಾ ಕೊಟ್ಟಳು. ಕುಡಿದು, "ಆ ಹಾಳೆ ಹರೀರಿ" ಅಂದೆ. "ಅಜ್ಜಿ, ನಿಜ ಬರೆಸಿದ್ರೆ ನಿಮ್ಮೇಲೆ ಕೇಸ್ ಆಗ್ಬಹುದು" ಅಂದರು. "ಬರೀರಿ, ನಂಗೂ ಒಂದ್ ಸಲ ಜೀಪಲ್ಲಿ ಕೂರ್ಬೇಕು" ಅಂದೆ. ಅವರಿಗೆ ನಗು ಬರಲಿಲ್ಲ.

ಜಾರ್ಖಂಡಿನವರು ಓಡಿದ್ದು, ಮತ್ತೆ ಸಿಗದ ಕಾಗದ ಯಾವುದು ಅಂತ ನಾನೇ ಕೇಳಿದ್ದು, ನವೆಂಬರಿನಲ್ಲಿ ಕವರು ಟ್ರಂಕಿಗೆ ಹೋದದ್ದು, ಕಿವಿಗೆ ಕೈ ಇಟ್ಟುಕೊಂಡದ್ದು, ಎಲ್ಲ ಬರೆಸಿದೆ. ನಿನ್ನ ಹೆಸರೂ ಬಂದಿದೆ. ಬರದಿದ್ದರೆ ಫಾರಂ ತುಂಬಿದವರು ಯಾರು, ಅವರಿಗೆ ಏನು ಹೇಳಿದಿರಿ ಅನ್ನುವ ಜಾಗದಲ್ಲಿ ತೂತು ಉಳಿಯುತ್ತಿತ್ತು. ನನ್ನ ಮೊಮ್ಮಗಳು ಕುಸುಮಾ ಕೇಳಿದಳು, ನಾನು ಇಲ್ಲ ಅಂದೆ, ಅವಳು ನಂಬಿ ಬರೆದಳು ಅಂತ ಹಾಕಿಸಿದ್ದೇನೆ. ನೀನು ಮೊಯ್ನಾಳನ್ನು ಕೇಳಲಿಲ್ಲ ಅನ್ನುವುದನ್ನೂ ಹಾಕಿಸಿದೆ. ಅದು ಬೇಕಿರಲಿಲ್ಲವೇನೋ. ಸುಮಿತಾ ನನ್ನ ಮುಖ ನೋಡಿದಳು, ನಾನು ಹಾಕು ಅಂದೆ.

ಪ್ರತಿ ಹಾಳೆಗೂ ರುಜು ಹಾಕಿದೆ. ಎರಡನೇ ಹಾಳೆಯಲ್ಲಿ ಅಕ್ಷರ ಕೆಳಗೆ ಜಾರಿದೆ. ಪೋಸ್ಟನ್ನು ನಾನು ನಂಬಲಿಲ್ಲ. ಪೊನ್ನಪ್ಪನವರು ಅಲ್ಲೇ ಫೋನಿನಲ್ಲಿ ಫೋಟೋ ತೆಗೆದು ಆ ವಕೀಲರಿಗೆ ಕಳಿಸಿದರು, ತಲುಪಿತು ಅಂತ ಉತ್ತರ ಬರುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಮೂಲ ಪ್ರತಿ ಕೊರಿಯರಿನಲ್ಲಿ ಹೋಗಿದೆ.

ಇದರ ಜೊತೆ ಒಂದು ಪ್ರತಿ ನಿನಗೂ ಇಟ್ಟಿದ್ದೇನೆ. ಹನ್ನೊಂದನೇ ತಾರೀಕಿನ ಮೇಲೆ ನಿಮ್ಮ ಮೇಡಂಗೆ ಅದು ಹೇಗಿದ್ದರೂ ಗೊತ್ತಾಗುತ್ತದೆ. ಅದಕ್ಕೆ ಮೊದಲು ನೀನೇ ತೆಗೆದುಕೊಂಡು ಹೋಗಿ ಕೊಡು.

ಲಿಂಗಮ್ಮ